ಬೆಂಚಪ್ಪನ ಬೀಳ್ಕೊಡುಗೆ

ನೆಲದ ಮೇಲೆ ಗುಂಡಗಿರುವ ಏನನ್ನು ಕಂಡರೂ ಒದೆಯಬೇಕು ಅನ್ನಿಸುವುದು ಫುಟ್‌ಬಾಲ್ ಆಡುವವರ ಹುಟ್ಟುಗುಣ. ಅದರಲ್ಲೂ ಫಾರ್ವರ್ಡ್ ಆಗಿದ್ದರೆ, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವುದೇ ಕೆಲಸವಾಗಿದ್ದರೆ, ಕೇಳುವುದೇ ಬೇಡ. ಆ ದಿನ ಬೆಳಿಗ್ಗೆ ಏಳೂಕಾಲಿಗೆ ಮೆಟ್ಟಿಲಿಳಿಯುತ್ತಿದ್ದ ನಮ್ಮ ಬೆಂಚಪ್ಪನ ಕಣ್ಣಿಗೆ ಕೆಳಗಿನ ಮನೆಯ ಬಾಗಿಲ ಬಳಿ ಹಳೇ ಬಟ್ಟೆ ಸುತ್ತಿದ ಗುಂಡನೆಯ ವಸ್ತುವೊಂದು ಬಿತ್ತು. ಮನಸ್ಸಿನಲ್ಲಿ ಸಂತೋಷ ಉಕ್ಕುತ್ತಿತ್ತು. ಹಿಂದೆಮುಂದೆ ನೋಡದೆ ಬಲಗಾಲು ಬೀಸಿ ಒದ್ದೇಬಿಟ್ಟ.

ಅದು ಬಾಗಿಲು ಬಡಿದುಕೊಳ್ಳದಿರಲಿ ಎಂದು ಇಟ್ಟಿದ್ದ ಕಲ್ಲು. ನೆಲಕ್ಕೆ ಗೀರು ಬೀಳಬಾರದೆಂದು ಆ ಮನೆಯ ನರ್ಸಮ್ಮ ಅದಕ್ಕೆ ಬಟ್ಟೆ ಸುತ್ತಿದ್ದರು. ಕಲ್ಲು ಇದ್ದಲ್ಲಿಂದ ಅಲುಗಲಿಲ್ಲ. ಬೆಂಚಪ್ಪ ಗೋಡೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

ಬೆಂಚಪ್ಪ ಎನ್ನುವುದು ತಂಡದವರು ಇಟ್ಟ ಹೆಸರು. ಹದಿನಾರನೇ ವಯಸ್ಸಿಗೆ ಅವನ ಫೋಟೊ ಪತ್ರಿಕೆಯಲ್ಲಿ ಬಂದಿತ್ತು, ಮುಂದೆ ದೊಡ್ಡ ಆಟಗಾರನಾಗುತ್ತಾನೆ ಎಂದು ಬರೆದಿದ್ದರು. ಹತ್ತೊಂಬತ್ತಕ್ಕೆ ಈ ಸಣ್ಣ ಕ್ಲಬ್ಬಿಗೆ ಸೇರಿದ. ಸೇರಿದವನು ಬದಲಿ ಆಟಗಾರರ ಬೆಂಚಿನ ಮೇಲೆ ಕೂತ, ಕೂತವನು ಮೂರು ವರ್ಷ ಏಳಲೇ ಇಲ್ಲ. ಮೂರೂ ವರ್ಷ ಸೇರಿ ಅವನು ಮೈದಾನದಲ್ಲಿ ಕಳೆದದ್ದು ನಲವತ್ತೊಂದು ನಿಮಿಷ, ಅದರಲ್ಲೂ ಆರು ನಿಮಿಷ ಯಾರಿಗೋ ಪೆಟ್ಟಾಗಿ ಆಟವೇ ನಿಂತಿತ್ತು. ಇನ್ನೆರಡು ತಿಂಗಳಿಗೆ ಇಪ್ಪತ್ತಮೂರು ತುಂಬುತ್ತದೆ. ಆಮೇಲೆ ಅವನನ್ನು ಮುಂದೆ ಬರುವ ಹುಡುಗ ಎಂದು ಯಾರೂ ಕರೆಯುವುದಿಲ್ಲ, ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಈ ಚಿಂತೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಹೀಗಿರುವಾಗ ಆ ಬೆಳಿಗ್ಗೆ ಏಜೆಂಟ್ ಫೋನ್ ಮಾಡಿದ್ದ. ಆಟಗಾರರನ್ನು ಒಂದು ಕ್ಲಬ್ಬಿನಿಂದ ಇನ್ನೊಂದು ಕ್ಲಬ್ಬಿಗೆ ದಾಟಿಸುವುದು ಅವನ ಕಸುಬು. ದೇಶಕ್ಕೆಲ್ಲ ಗೊತ್ತಿರುವ ದೊಡ್ಡ ಕ್ಲಬ್ಬೊಂದು ಬೆಂಚಪ್ಪನನ್ನು ತೆಗೆದುಕೊಳ್ಳಲು ಒಪ್ಪಿದೆ, ಆಟಗಾರರ ನೋಂದಣಿಗೆ ಇವತ್ತೇ ಕಡೇ ದಿನ, ಸಂಜೆ ಆರಕ್ಕೆ ಮುಗಿಯುತ್ತದೆ, ನಾಲ್ಕಕ್ಕೆ ಅವರ ಡಾಕ್ಟರ ಪರೀಕ್ಷೆ, ಅದಕ್ಕೆ ಮೊದಲು ಈಗಿನ ಕ್ಲಬ್ಬಿನ ಕೋಚ್ ಸಹಿ ಹಾಕಿದ ಬಿಡುಗಡೆ ಪತ್ರ ಕೈಯಲ್ಲಿರಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದ್ದ.

"ಸಂಜೆ ತನಕ ಮೈಮೇಲೆ ಒಂದು ಗೀರೂ ಬೀಳದ ಹಾಗೆ ನೋಡ್ಕೋ ಮರಿ," ಎಂದಿದ್ದ ಕೊನೆಯಲ್ಲಿ. "ಈ ಬಸ್ಸು ತಪ್ಪಿದ್ರೆ ನಿನಗೆ ಇನ್ನೊಂದು ಬಸ್ಸಿಲ್ಲ."

ಆ ಮಾತು ಕೇಳಿ ಹತ್ತು ನಿಮಿಷವಾಗಿರಲಿಲ್ಲ. ಬೆಂಚಪ್ಪನ ಬಲಗಾಲ ಹೆಬ್ಬೆರಳು ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು.

ಸದ್ದಿಗೆ ನರ್ಸಮ್ಮ ಬಾಗಿಲು ತೆರೆದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ರೋಗಿ ಸಿಗದೆ ಕೈ ಕಡಿಯುತ್ತಿದ್ದ ಅವರಿಗೆ ಬಾಗಿಲಲ್ಲೇ ಒಬ್ಬ ಸಿಕ್ಕಿದ. ಒಳಗೆ ಎಳೆದು ಕೂರಿಸಿ, ಬೆರಳನ್ನು ಅತ್ತ ಇತ್ತ ತಿರುಗಿಸಿ ನೋಡಿ, ಮೂಳೆ ಬಿರುಕು ಬಿಟ್ಟಿರಬಹುದು ಎಂದು ನಿಶ್ಚಿಂತೆಯಿಂದ ಹೇಳಿದರು. ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಬೆಂಚಪ್ಪ ಕೈಮುಗಿದು ಕೇಳಿಕೊಂಡ. ನನ್ನ ಬಾಯಿಂದ ಒಂದು ಮಾತು ಹೊರಗೆ ಹೋದರೆ ಕೇಳು ಎಂದು ಅವರು ಅಭಯ ಕೊಟ್ಟರು. ಆದರೆ ಐಸ್ ಬೇಕಲ್ಲ, ಅದಕ್ಕೆ ಎದುರುಮನೆಯ ದರ್ಜಿಗೆ ಹೇಳಬೇಕಾಯಿತು. ದರ್ಜಿಯ ಮನೆಯಲ್ಲಿ ಐಸ್ ಇರಲಿಲ್ಲ, ಅವನು ಮೇಲಿನ ಮನೆಯ ಬಸ್ ಡ್ರೈವರಿಗೆ ಹೇಳಿದ. ಎಂಟು ಗಂಟೆಗೆಲ್ಲ ಮೂರು ಅಂತಸ್ತಿನವರೂ ಆ ಬೆರಳಿನ ಸುತ್ತ ನಿಂತಿದ್ದರು.

ದರ್ಜಿ ಎಣ್ಣೆ ಹಚ್ಚಿ ತಿಕ್ಕಬೇಕೆಂದ. ಡ್ರೈವರು ಒಂದೇ ಸಲ ಹಿಡಿದು ಎಳೆದರೆ ಸರಿಹೋಗುತ್ತದೆ ಎಂದು ತೋಳು ಮಡಿಸಿಕೊಂಡು ಮುಂದೆ ಬಂದ. ಬೆಂಚಪ್ಪ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಅಷ್ಟರಲ್ಲಿ ಅವನ ಅಕ್ಕ ಕೆಳಗಿಳಿದು ಬಂದಳು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಸಾಕಿ, ಅವನ ಬೂಟು ಒರೆಸಿ, ಬೆಂಚಿನ ಮೇಲೆ ಕೂತವನನ್ನು ನೋಡಲಿಕ್ಕೂ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದವಳು ಅವಳು. ಬೆರಳು ನೋಡಿದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಇವತ್ತೊಂದು ದಿನ ಕಾಲು ಸುಮ್ನೆ ಇಟ್ಕೊಳ್ಳೋಕೆ ಆಗ್ಲಿಲ್ವೇನೋ ನಿಂಗೆ?"

ಬೆಂಚಪ್ಪ ತಲೆ ತಗ್ಗಿಸಿದ. ಅವಳು ಅಳಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಸಂಕಟವಾಯಿತು.

ಉಪಾಯ ಹೇಳಿದ್ದು ನರ್ಸಮ್ಮ. ಬೆರಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದರು. ಅಕ್ಕನ ಗಂಡನ ಬಲಗಾಲ ಬೂಟು ಒಂದು ಅಳತೆ ದೊಡ್ಡದು, ಅದನ್ನು ಹಾಕಿಸಿದರು. ಎಡಗಾಲಿಗೆ ಅವನದೇ ಬೂಟು. ಹಿಮ್ಮಡಿಯ ಮೇಲೆ ಭಾರ ಹಾಕಿ, ಎದೆ ಮುಂದೆ ಮಾಡಿ ನಡೆ ಎಂದರು. ಕುಂಟುತ್ತಾನೆ ಅಂತ ಯಾರೂ ಅನ್ನುವುದಿಲ್ಲ, ದೊಡ್ಡ ಕ್ಲಬ್ಬಿಗೆ ಹೋಗುತ್ತಿದ್ದಾನೆ ಅಂತ ಜಂಬ ಬಂದಿದೆ ಅಂದುಕೊಳ್ಳುತ್ತಾರೆ ಎಂಬುದು ಅವರ ಲೆಕ್ಕಾಚಾರ. ಓಣಿಯ ಉದ್ದಕ್ಕೂ ನಾಲ್ಕು ಸಲ ನಡೆಸಿ ನೋಡಿದರು. ಪಕ್ಕದ ಅಂಗಡಿಯವನು ಆಗಲೇ, ಹುಡುಗನಿಗೆ ಕೊಬ್ಬು ಬಂದಿದೆ ಎಂದ. ಎಲ್ಲರಿಗೂ ಸಮಾಧಾನವಾಯಿತು.

ಹತ್ತೂವರೆಗೆ ಮೈದಾನ ತಲುಪಿದ. ಕೋಚ್ ಮಾತು ಕಡಿಮೆಯ ಮನುಷ್ಯ. ಮಾತು ಕಡಿಮೆಯಿದ್ದಷ್ಟೂ ಕಣ್ಣು ಚುರುಕು. ಬೆಂಚಪ್ಪ ಎದೆ ಸೆಟೆಸಿಕೊಂಡು ಬರುವುದನ್ನು ಮೇಲಿಂದ ಕೆಳಗೆ ನೋಡಿ, ಪತ್ರ ತೆಗೆದು ಮೇಜಿನ ಮೇಲಿಟ್ಟ. ಸಹಿ ಮಾತ್ರ ಹಾಕಲಿಲ್ಲ. ಮೊದಲು ಒದೆ, ಆಮೇಲೆ ಸಹಿ ಎಂದ.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಬಿಟ್ಟುಹೋಗುವ ಆಟಗಾರ ಎಲ್ಲರೆದುರು ಒಂದು ಪೆನಾಲ್ಟಿ ಒದೆಯಬೇಕು. ಗೋಲಾದರೆ ಚಪ್ಪಾಳೆ, ತಪ್ಪಿದರೆ ತಲೆಯ ಮೇಲೆ ಬಕೆಟ್ ನೀರು. ಬೆರಳಿನ ಗಾಬರಿಯಲ್ಲಿ ಬೆಂಚಪ್ಪನಿಗೆ ಅದು ಪೂರಾ ಮರೆತುಹೋಗಿತ್ತು. ಇಡೀ ತಂಡ ಆಗಲೇ ಸಾಲಾಗಿ ನಿಂತಿತ್ತು. ನೀರು ತುಂಬಿದ ಬಕೆಟ್ ಕೂಡ ತಯಾರಿತ್ತು.

ಚೆಂಡಿನ ಮುಂದೆ ನಿಂತಾಗ ಹೆಬ್ಬೆರಳು ಪಟ್ಟಿಯೊಳಗೆ ಡಬಡಬ ಬಡಿದುಕೊಳ್ಳುತ್ತಿತ್ತು. ಬಲಗಾಲಲ್ಲಿ ಒದ್ದರೆ ಚೀರುವುದು ಖಂಡಿತ. ಚೀರಿದರೆ ಕೋಚಿಗೆ ತಿಳಿಯುತ್ತದೆ, ಕೋಚಿಗೆ ತಿಳಿದರೆ ದೊಡ್ಡ ಕ್ಲಬ್ಬಿಗೆ ತಿಳಿಯುತ್ತದೆ. ಉಳಿದದ್ದು ಎಡಗಾಲು. ಆ ಕಾಲು ಅವನಿಗೆ ಇದುವರೆಗೆ ಬಲಗಾಲು ಒದೆಯುವಾಗ ನಿಂತುಕೊಳ್ಳಲಿಕ್ಕೆ ಮಾತ್ರ ಉಪಯೋಗಕ್ಕೆ ಬಂದಿತ್ತು. ತಲೆ ನೆನೆದರೆ ನೆನೆಯಲಿ ಎಂದುಕೊಂಡು, ಕಣ್ಣು ಮುಚ್ಚಿ ಎಡಗಾಲು ಬೀಸಿದ.

ಚೆಂಡು ತಾಗಿದ್ದು ಕಣಕಾಲಿನ ಮೂಳೆಗೆ. ಹೊರಗೆ ಹೋಗುವ ಹಾಗೆ ಹೊರಟಿದ್ದು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ, ಬಿಲ್ಲಿನ ಹಾಗೆ ಬಾಗಿ, ಗೋಲಿನ ಮೇಲಿನ ಮೂಲೆಗೆ ಹೋಗಿ ಬಲೆಗೆ ಬಿತ್ತು. ಗೋಲ್‌ಕೀಪರ್ ನಿಂತಲ್ಲೇ ನಿಂತಿದ್ದ. ಚಪ್ಪಾಳೆ ತಟ್ಟಲಿಕ್ಕೂ ಎಲ್ಲರೂ ಮರೆತರು.

ಕೋಚ್ ನಿಧಾನವಾಗಿ ಹತ್ತಿರ ಬಂದ. ಆ ಎಡಗಾಲನ್ನೇ ನೋಡಿದ.

"ಮೂರು ವರ್ಷ ಈ ಕಾಲನ್ನ ಎಲ್ಲಿಟ್ಟಿದ್ದೆ?"

ಬೆಂಚಪ್ಪ ಬಾಯಿಮುಚ್ಚಿಕೊಂಡು ಇರಬಹುದಿತ್ತು. ಇರಬೇಕಿತ್ತು. ಆದರೆ ನೋವು ಒಂದು ಕಡೆ, ಗೆದ್ದ ಅಮಲು ಒಂದು ಕಡೆ, ಮೂರು ವರ್ಷದ ಉರಿ ಒಂದು ಕಡೆ.

"ನಿಮ್ಮ ಬೆಂಚಿನ ಕೆಳಗೇ ಇತ್ತು ಸಾರ್. ನೀವು ಬಗ್ಗಿ ನೋಡ್ಲಿಲ್ಲ. ಆಡೋನು ಯಾರು, ನೀರು ತರೋನು ಯಾರು ಅಂತಾನೇ ನಿಮಗೆ ಗೊತ್ತಾಗಲ್ಲ. ಇನ್ನು ಈ ಮೈದಾನಕ್ಕೆ ನಾನು ಕಾಲಿಡೋದಿಲ್ಲ."

ತಂಡದವರೆಲ್ಲ ನೆಲ ನೋಡಿದರು. ಕೋಚ್ ಪತ್ರಕ್ಕೆ ಸಹಿ ಹಾಕಿ ಕೊಟ್ಟು, ಜೇಬಿನಿಂದ ಫೋನ್ ತೆಗೆದುಕೊಂಡು ಆಚೆ ಹೋದ. ಬೆಂಚಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬೆರಳಿನ ನೋವು ಕೂಡ ಗೇಟು ದಾಟುವವರೆಗೆ ನೆನಪಾಗಲಿಲ್ಲ.

ಮಧ್ಯಾಹ್ನ ಡಾಕ್ಟರ ಪರೀಕ್ಷೆಗೆ ಹೋಗುವ ದಾರಿಯಲ್ಲಿ ಏಜೆಂಟಿನ ಕಾರು ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಹತ್ತು ನಿಮಿಷಕ್ಕೊಮ್ಮೆ ನರ್ಸಮ್ಮ ಫೋನ್ ಮಾಡಿ ಬೆರಳಿನ ಬಣ್ಣ ಕೇಳುತ್ತಿದ್ದರು. ಏಜೆಂಟ್ ಪಕ್ಕದಲ್ಲೇ ಕೂತಿದ್ದರಿಂದ ಬೆಂಚಪ್ಪ ಹವಾಮಾನ ಹೇಳುವವನ ಹಾಗೆ, ಸ್ವಲ್ಪ ನೀಲಿ, ಅಲ್ಲಲ್ಲಿ ಕಪ್ಪು ಎನ್ನುತ್ತಿದ್ದ. ಆಸ್ಪತ್ರೆ ತಲುಪಿದಾಗ ನಾಲ್ಕು ಇಪ್ಪತ್ತು.

ಡಾಕ್ಟರು ಕಣ್ಣು ನೋಡಿದರು, ಹಲ್ಲು ನೋಡಿದರು, ಎದೆ ಬಡಿತ ಕೇಳಿದರು. ಓಡುವ ಯಂತ್ರದ ಮೇಲೆ ಹತ್ತು ನಿಮಿಷ ಓಡಿಸಿದರು. ಬೆಂಚಪ್ಪ ಹಲ್ಲು ಕಚ್ಚಿ ಹಿಮ್ಮಡಿಯ ಮೇಲೇ ಓಡಿದ. ಇಂಥ ಓಟ ಎಲ್ಲೂ ನೋಡಿಲ್ಲ ಎಂದರು ಡಾಕ್ಟರು. ಆಮೇಲೆ ಕಾಲುಚೀಲ ತೆಗೆ ಎಂದರು. ಎಡಗಾಲಿನದು ತೆಗೆದ. ಇನ್ನೊಂದು ಎಂದರು. ಎಡಗಾಲಿನದನ್ನೇ ಮತ್ತೆ ಹಾಕಿಕೊಂಡು ಮತ್ತೆ ತೆಗೆದ. ಡಾಕ್ಟರು ಬಗ್ಗಿ ತಾವೇ ಬಲಗಾಲಿನದನ್ನು ಎಳೆದರು. ಪಟ್ಟಿ ಬಿಚ್ಚಿ ಬೆರಳನ್ನು ಒತ್ತಿ, ನೋವಿದೆಯಾ ಎಂದು ಕೇಳಿದರು. ಇಲ್ಲ ಎಂದ.

"ಮತ್ತೆ ಕಣ್ಣಲ್ಲಿ ನೀರು?"

"ಸಂತೋಷಕ್ಕೆ ಸಾರ್."

ಎಕ್ಸ್‌ರೇ ಯಂತ್ರಕ್ಕೆ ಸಂತೋಷ ದುಃಖ ತಿಳಿಯುವುದಿಲ್ಲ. ಹೆಬ್ಬೆರಳಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಮೂರು ವಾರ ಆಡುವಂತಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಏಜೆಂಟ್ ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತ. ಮುಗಿಯಿತು ಅಂದುಕೊಂಡ ಬೆಂಚಪ್ಪ. ಅಕ್ಕನಿಗೆ ಏನು ಹೇಳುವುದೆಂದು ತಿಳಿಯದೆ ಫೋನ್ ಕೈಯಲ್ಲಿ ಹಿಡಿದು ಸುಮ್ಮನೆ ಕೂತ.

ಐದೂ ನಲವತ್ತಕ್ಕೆ ಇಬ್ಬರೂ ದೊಡ್ಡ ಕ್ಲಬ್ಬಿನ ಕಾರ್ಯದರ್ಶಿಯ ಕೋಣೆಯಲ್ಲಿ ನಿಂತಿದ್ದರು. ಕಾರ್ಯದರ್ಶಿ ವರದಿ ಓದಿದ. ಗಡಿಯಾರ ನೋಡಿದ. ಯಾರಿಗೋ ಫೋನ್ ಹಚ್ಚಿದ.

"ಹುಡುಗನಿಗೆ ಬೆರಳು ಬಿರುಕು ಬಿಟ್ಟಿದೆ. ಹೌದು, ಬಲಗಾಲೇ. ಬೇಕೋ ಬೇಡವೋ ಈಗ್ಲೇ ಹೇಳಿ, ಟೈಮಿಲ್ಲ."

ಆ ಕಡೆಯವರು ಏನೋ ಹೇಳಿದರು. ಇಷ್ಟು ದೊಡ್ಡ ಕ್ಲಬ್ಬಿನ ಕೋಚ್ ತನಗಾಗಿ ಯೋಚಿಸುತ್ತಿದ್ದಾನೆ ಎಂದು ಬೆಂಚಪ್ಪ ಅಂಗಿಯ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತ. ಕಾರ್ಯದರ್ಶಿ ಸರಿ ಎಂದು ಫೋನಿಟ್ಟು, ಪರವಾಗಿಲ್ಲವಂತೆ, ಬೇಗ ಸಹಿ ಹಾಕು ಎಂದು ಎರಡು ಕಾಗದ ಮುಂದೆ ತಳ್ಳಿದ. ಓದುವ ವ್ಯವಧಾನ ಯಾರಿಗಿತ್ತು? ಕಣ್ಣಿಗೆ ನೀರು ತುಂಬಿ ಅಕ್ಷರವೇ ಕಾಣುತ್ತಿರಲಿಲ್ಲ. ಎರಡಕ್ಕೂ ಸಹಿ ಹಾಕಿದ. ಆರಕ್ಕೆ ನಾಲ್ಕು ನಿಮಿಷವಿರುವಾಗ ಕಾಗದಗಳು ನೋಂದಣಿಗೆ ಹೋದವು. ಏಜೆಂಟ್ ಅವನನ್ನು ತಬ್ಬಿಕೊಂಡ.

ಇಲ್ಲಿ ಅಭ್ಯಾಸಕ್ಕೆ ಯಾವತ್ತು ಬರಲಿ ಎಂದು ಬೆಂಚಪ್ಪ ವಿನಯದಿಂದ ಕೇಳಿದ. ಕಾರ್ಯದರ್ಶಿ ಕನ್ನಡಕ ತೆಗೆದು ಅವನನ್ನು ನೋಡಿದ. ಇಲ್ಲಿ ಆಗಲೇ ಏಳು ಜನ ಫಾರ್ವರ್ಡ್‌ಗಳಿದ್ದಾರೆ, ಎಳೆಯ ಹುಡುಗರನ್ನು ತೆಗೆದುಕೊಂಡು ಸಣ್ಣ ಕ್ಲಬ್ಬುಗಳಿಗೆ ಎರವಲು ಕೊಡುವುದು ನಮ್ಮ ರೂಢಿ ಎಂದ. ನಿನ್ನನ್ನು ಯಾರಾದರೂ ಕೇಳುತ್ತಾರೆಂಬ ನಂಬಿಕೆ ಇರಲಿಲ್ಲ, ಇಲ್ಲೇ ಇಟ್ಟುಕೊಂಡು ಅವಕಾಶ ಕೊಟ್ಟು ನೋಡೋಣ ಅಂತಿದ್ದೆವು, ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಕೋಚ್ ಫೋನ್ ಮಾಡಿ ಎರಡು ವರ್ಷಕ್ಕೆ ಕೊಡಲೇಬೇಕು ಅಂತ ಹಟ ಹಿಡಿದ, ಎರಡನೇ ಕಾಗದ ಅದೇ, ಈಗ ಫೋನ್ ಮಾಡಿ ಕೇಳಿದ್ದೂ ಅವನನ್ನೇ ಎಂದ.

ಬೆಂಚಪ್ಪ ಕಾಗದದ ಪ್ರತಿಯನ್ನು ಎತ್ತಿಕೊಂಡು ಈಗ ಓದಿದ. ಎರವಲು ಪಡೆದ ಕ್ಲಬ್ಬಿನ ಹೆಸರು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಕಾಲಿಡುವುದಿಲ್ಲ ಎಂದು ಬೆಳಿಗ್ಗೆ ಹೇಳಿ ಬಂದ ಮೈದಾನ ಅದರದೇ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಕೋಚ್.

"ಬೈದಿದ್ದು ಸರಿ. ನಾನು ನೋಡಿರಲಿಲ್ಲ," ಎಂದ ಕೋಚ್. ಅವನು ಇಷ್ಟು ಮಾತಾಡಿದ್ದನ್ನು ಬೆಂಚಪ್ಪ ಹಿಂದೆಂದೂ ಕೇಳಿರಲಿಲ್ಲ. "ಇನ್ನು ಫಾರ್ವರ್ಡ್ ಬೇಡ ನಿನಗೆ. ಎಡಗಡೆ, ಹಿಂದೆ, ಗೋಲು ಕಾಯೋ ಸಾಲಿನಲ್ಲಿ ಆಡ್ತೀಯ. ಆ ಜಾಗಕ್ಕೆ ಎಡಗಾಲಿನವನು ಸಿಗದೆ ಸಾಕಾಗಿತ್ತು ನನಗೆ. ಬೆರಳು ವಾಸಿಯಾಗೋ ತನಕ ಬೆಂಚಲ್ಲಿ ಕೂತ್ಕೋ. ನಾಳೆ ಆರೂವರೆಗೆ ಬಾ."

ಆಮೇಲೆ ಕೋಚಿನ ದನಿಯಲ್ಲಿ ಮೊದಲ ಸಲ ಕಳವಳ ಕೇಳಿಸಿತು.

"ಎಡಗಾಲಿಗೆ ಏನೂ ಆಗಿಲ್ಲ ತಾನೇ?"

ಬೆಂಚಪ್ಪ ಬಗ್ಗಿ ನೋಡಿದ. ಅದಕ್ಕೆ ಏನೂ ಆಗಿರಲಿಲ್ಲ.