ಭಾವ, ಹಿಂದಿನ ಸೀಟು ಮತ್ತು ಒಂದು ಗುಂಯ್

ನಮ್ಮ ಭಾವನ ಕಾರು ಹತ್ತುವವರು ದೇವರನ್ನು ನೆನೆಯುವುದು ಆಮೇಲೆ. ಮೊದಲು ಉಸಿರು ಬಿಗಿಹಿಡಿಯಬೇಕು! ಯಾಕೆಂದರೆ ಹಾರವಾಡದ ಈ ಮಹಾನುಭಾವರು, ಅಂದರೆ ನನ್ನ ಅಕ್ಕನ ಗಂಡ, ಹಿಂದಿನ ಸೀಟಿಗೆ ಕಿವಿ ಹಚ್ಚಿ ಮಂಡಿಯೂರಿದ ಮೇಲೆ ಅಲ್ಲಿ ಕೆಮ್ಮುವ ಹಾಗೂ ಇಲ್ಲ. ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕು, ಟ್ಯಾಂಕಿನೊಳಗೆ ಪಂಪು. ಕೀಲಿ ತಿರುಗಿಸಿದೊಡನೆ ಆ ಪಂಪು ಎರಡು ಸೆಕೆಂಡು ‘ಗುಂಯ್’ ಎನ್ನಬೇಕು. ಹಾಗೆಂದಿತೋ, ಎಣ್ಣೆ ಇಂಜಿನ್ನಿಗೆ ಹೊರಟಿತು ಎಂದರ್ಥ. ಅದು ಕಿವಿಗೆ ಬೀಳದೆ ಭಾವ ಗಾಡಿ ಚಾಲೂ ಮಾಡುವವರಲ್ಲ. ಕೀಲಿ ತಿರುಗಿಸುವ ಕೆಲಸ ಅಕ್ಕನದು.

“ಕೇಳ್ತಾ?”

“ನೀ ಬಾಯ್ ಮುಚ್ಕಂಡ್ರೆ ಕೇಳ್ತದೆ.”

“ನಿಮ್ಮ ಹೊಟ್ಟೆನೂ ಗುಂಯ್ ಅಂತದೆ. ಅದ್ನೇ ಪಂಪು ಅಂದ್ಕಂಡು ಹೊರಟೀರಿ, ನೋಡ್ಕಳಿ.”

ಒಮ್ಮೆ ಮಂಜಗುಣಿಯ ದೇವಸ್ಥಾನದ ಎದುರು ಭಾವ ಹೀಗೇ ಮಂಡಿಯೂರಿದ್ದಾಗ, ದಾರಿಯಲ್ಲಿದ್ದ ಇಬ್ಬರು ಮುದುಕಿಯರು ಕಾರಿಗೂ ಕೈ ಮುಗಿದು ಹೋದರು. ಏನು ಮಹಿಮೆಯೋ ಯಾರಿಗೆ ಗೊತ್ತು ಎಂದುಕೊಂಡಿರಬೇಕು.

ನಗಬೇಡಿ, ಇದಕ್ಕೂ ಕಾರಣವಿದೆ. ಭಾವ ಇಪ್ಪತ್ತೈದು ವರ್ಷ ಮೀನು ದೋಣಿಯ ಇಂಜಿನ್ ನೋಡಿಕೊಂಡವರು. ಒಮ್ಮೆ ಡೀಸೆಲ್ಲಿನಲ್ಲಿ ನೀರು ಸೇರಿ, ನಡುಗಡಲಿನಲ್ಲಿ ಇಂಜಿನ್ ನಿಂತು, ಆರು ಮಂದಿ ಇಡೀ ಒಂದು ದಿನ ಅಲೆ ಒಯ್ದತ್ತ ತೇಲಿದ್ದರಂತೆ. ಅಂದಿನಿಂದ ಅವರು ಯಾವ ಎಣ್ಣೆಯನ್ನೂ ನಂಬಿದ್ದಿಲ್ಲ. ದೋಣಿಯವರು ಡೀಸೆಲ್ಲನ್ನು ಬಟ್ಟೆಯಲ್ಲಿ ಸೋಸಿಯೇ ತುಂಬಿಸುತ್ತಾರೆ ನೋಡಿ, ಇವರು ಅಂಕೋಲೆಯ ಪೆಟ್ರೋಲ್ ಬಂಕಿನಲ್ಲೂ ತಮ್ಮ ಹಳೆಯ ಲುಂಗಿಯ ತುಂಡನ್ನು ಪೈಪಿಗೆ ಅಡ್ಡ ಹಿಡಿದರು. ಬಂಕಿನವನಿಗೆ ಪಿತ್ತ ಕೆರಳಿತು.

“ಇದು ಚಾ ಅಲ್ಲ ಮಾರಾಯ್ರೆ, ಸೋಸೂಕೆ.”

“ಚಾ ಕೆಟ್ರೆ ಒಂದ್ ಲೋಟ ಹೋಯ್ತು. ಇದು ಕೆಟ್ರೆ ನೀ ಈಜಿ ಬತ್ಯಾ?”

ಹೆದ್ದಾರಿಯಲ್ಲಿ ಎಲ್ಲಿಗೆ ಈಜುವುದು? ನಾನು ಮುಖ ಆಚೆ ತಿರುಗಿಸಿ ನಿಂತಿದ್ದೆ.

ಕಳೆದ ವರ್ಷ ಒಂದು ಬೆಳಿಗ್ಗೆ ನಾನು ಅವರ ಮನೆಯಲ್ಲೇ ಇದ್ದೆ. ಮೀನು ಹೆಚ್ಚುತ್ತಿದ್ದ ಅಕ್ಕ ಕೈ ಕೂಡ ತೊಳೆಯದೆ ಬಂದು ಮೆಟ್ಟಿಲ ಮೇಲೆ ಕೂತಳು. ಮುಖವೆಲ್ಲ ಬೆವರು. “ಎದೆ ಒತ್ತಿದಂಗೆ ಆಗ್ತದೆ” ಎಂದಳು. ನಾನು ಮೊದಲೇ ಪುಕ್ಕಲ. ಫೋನು ಮಾಡಿದರೆ ಆಂಬುಲೆನ್ಸು ಕೈಗಾ ಕಡೆ ಹೋಗಿದೆ, ಬರಲು ಒಂದು ಗಂಟೆ ಬೇಕು. ಪಕ್ಕದ ಮನೆಯ ರಿಕ್ಷಾ ಆಗಲೇ ಬಾಡಿಗೆಗೆ ಹೋಗಿತ್ತು. ಅಕ್ಕನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ನಾನು ಕೀಲಿ ತಿರುಗಿಸಿದೆ. ಇಂಜಿನ್ ಕಿರ್ ಕಿರ್ ಎಂದು ತಿರುಗಿತೇ ಹೊರತು ಹತ್ತಲಿಲ್ಲ.

ಭಾವ ಅಕ್ಕನ ಪಾದದ ಹತ್ತಿರ ಸೀಟಿಗೆ ಕಿವಿ ಇಟ್ಟರು. “ಮತ್ತೆ ತಿರುಗ್ಸು.”

ತಿರುಗಿಸಿದೆ. ಗುಂಯ್ ಇಲ್ಲ.

“ಪಂಪಿಗೆ ಕರೆಂಟ್ ಬರೂದಿಲ್ಲ” ಎಂದು ಬಾನೆಟ್ ಎತ್ತಿದರು. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರು, ಸರಿಯಿತ್ತು. ಆಮೇಲೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕಪ್ಪು ಡಬ್ಬಿಯ ಮೇಲೆ ಬೆರಳಿಟ್ಟು, “ತಿರುಗ್ಸು” ಎಂದರು. ಅದು ರಿಲೇ. ಪಂಪಿಗೆ ಕರೆಂಟು ಬಿಡುವುದು ಅದೇ. ಟಿಕ್ ಎನ್ನಬೇಕಾದದ್ದು ಎನ್ನಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಅಕ್ಕನ ಜೀವ ಹೋಗ್ತಾ ಅದೆ, ನೀವು ಡಬ್ಬಿ ಮುಟ್ಟಿ ನೋಡ್ತಾ ಕೂತ್ರಲ್ಲ ಭಾವ!”

ಭಾವ ಪಕ್ಕದಲ್ಲಿದ್ದ ಹಾರ್ನಿನ ರಿಲೇ ಕಿತ್ತರು. ಅದೂ ಇದೂ ಒಂದೇ ಅಳತೆ. ಅದನ್ನು ಪಂಪಿನ ಜಾಗಕ್ಕೆ ಒತ್ತಿದರು. ಕೀಲಿ ತಿರುಗಿಸಿದೆ. ಗುಂಯ್! ಅಕ್ಕ ಕಣ್ಣು ಮುಚ್ಚಿಕೊಂಡೇ, “ಕೇಳ್ತು” ಎಂದಳು.

ಕಾರೇನೋ ಹೊರಟಿತು, ಆದರೆ ಹಾರ್ನ್ ಹೋಗಿತ್ತಲ್ಲ! ಸ್ಟೇರಿಂಗ್ ಹಿಡಿದ ಭಾವ ತಲೆ ಹೊರಗೆ ಹಾಕಿ, ದೋಣಿಯಲ್ಲಿ ಕೂಗುವ ಗಂಟಲಿನಲ್ಲಿ, “ಹೋಯ್, ಬದಿಗಾಗ್ರೋ” ಎಂದು ಕಾರವಾರದವರೆಗೂ ಕೂಗಿದರು. ಲಾರಿಗಳು ಬೆದರಿ ಬದಿಗೆ ಸರಿದವು. ರಸ್ತೆಯ ನಡುವೆ ಮಲಗಿದ್ದ ಎಮ್ಮೆ ಕೂಡ ಎದ್ದಿತು.

“ನಿಧಾನ ಹೋಗಿ. ಎದೆನೋವಿಂದ ಉಳದ್ರೂ ನಿಮ್ಮ ಗಾಡಿಯಿಂದ ಸಾಯ್ತೆ” ಎಂದಳು ಅಕ್ಕ. ಬಿಣಗಾ ಸುರಂಗ ದಾಟಿದ ಮೇಲೆ ಅವಳು ಮಾತೇ ಆಡಲಿಲ್ಲ. ಹಿಂದೆ ಅವಳ ಪಕ್ಕದಲ್ಲಿ ಮುದುಡಿ ಕೂತಿದ್ದ ನಾನು ಕರೆದೆ, ಅಲುಗಿಸಿದೆ. ನನ್ನ ಬೆರಳು ಹಿಡಿದಿದ್ದ ಅವಳ ಕೈ ಸಡಿಲವಾಗುತ್ತಿತ್ತು. ಅಷ್ಟು ಹೆದರಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದರು. ಹೃದಯಾಘಾತ ಎಂದರು. ನಾಲ್ಕು ತಾಸು ಕಳೆದ ಮೇಲೆ ಡಾಕ್ಟರು ಬಂದು, ಹೊತ್ತಿಗೆ ಸರಿಯಾಗಿ ತಂದಿರಿ, ಇನ್ನು ಭಯವಿಲ್ಲ ಎಂದರು. ಅಕ್ಕ ಕಣ್ಣು ಬಿಟ್ಟಿದ್ದಳು, ಮಾತೂ ಆಡಿದಳು. ಹೇಳೋಣವೆಂದರೆ ಭಾವ ಎಲ್ಲೂ ಇಲ್ಲ! ಹೊರಗೆ ಓಡಿದೆ. ಗೇಟಿನ ಬಳಿ ಕಾರು ಇನ್ನೂ ಚಾಲೂ ಇತ್ತು. ಭಾವ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದರು.

“ಆಗಿಂದ ಹೇಳ್ತೆ, ಬಂದ್ ಮಾಡೂದೇ ಇಲ್ಲ ಇವ್ರು” ಎಂದ ವಾಚ್‌ಮನ್.

“ಬಂದ್ ಮಾಡಿ ಭಾವ.”

“ಬೇಡ” ಎಂದರು. ಕೂಗಿ ಕೂಗಿ ಸ್ವರವೇ ಸತ್ತಿತ್ತು. “ಇಲ್ಲಾಗೂದಿಲ್ಲ, ಗೋವಾಕ್ಕೆ ಒಯ್ರಿ ಅಂದ್ರೆ? ಆಗ ಚಾಲೂ ಆಗದಿದ್ರೆ?”

“ಎಲ್ಲಿಗೂ ಒಯ್ಯೂದಿಲ್ಲ. ಅಕ್ಕ ಮಾತಾಡಿದ್ಲು. ನೀವು ಊಟ ಮಾಡಿದ್ರಾ ಕೇಳು ಅಂದ್ಲು.”

ಭಾವ ನನ್ನ ಮುಖವನ್ನೇ ನೋಡಿದರು. ಆಮೇಲೆ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರು. ಕೆಳಗಿಳಿದು, ಕಪ್ಪು ಹಿಡಿದ ಕೈಗಳನ್ನು ಅಂಗಿಗೆ ಒರೆಸಿಕೊಳ್ಳತೊಡಗಿದರು. ಒರೆಸಿದಷ್ಟೂ ಅಂಗಿ ಕೆಟ್ಟಿತು.

“ಹೀಂಗೇ ಹೋದ್ರೆ ಬೈತಾಳೆ” ಎಂದರು.

“ಬೈಲಿ ಬಿಡಿ ಭಾವ.”

“ಬೈಲಿ” ಎಂದರು. “ಬೈಲಿ, ಬೈಲಿ” ಎನ್ನುತ್ತ, ಮಗುವಿನ ಹಾಗೆ ಅಳುತ್ತ, ನನಗಿಂತ ಮುಂದೆ ನಡೆದರು.