ಕಾಕಾ ಕೊಟ್ಟ ಡೇರೆ ಗಡ್ಡೆ

ನಮ್ಮ ಕಾಕಾನಂಥ ದಾನಶೂರ ಇಡೀ ಧಾರವಾಡದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಕೇಳಿದವರಿಗೆಲ್ಲ ಡೇರೆ ಹೂವಿನ ಗಡ್ಡೆ ಕೊಟ್ಟ ಮನುಷ್ಯ. ಹಾಗೆ ಕೊಟ್ಟದ್ದರಲ್ಲಿ ಒಂದಾದರೂ ಯಾರ ಮನೆಯಲ್ಲಾದರೂ ಚಿಗುರಿದ್ದನ್ನು ಕಂಡವರಿಲ್ಲ, ಅದು ಬೇರೆ ಮಾತು. ಕೊಡುವವನ ಕೆಲಸ ಕೊಡುವುದು. ಹುಟ್ಟಿಸುವುದೂ ಅವನದೇ ಅಂದರೆ ಹೇಗೆ?

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಹುಬ್ಬಳ್ಳಿಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದರು. ಈಗ ಅದನ್ನು ಮುಚ್ಚಿ ಧಾರವಾಡದ ಮನೆಯಲ್ಲಿದ್ದಾರೆ. ಮನೆಯಲ್ಲಿದ್ದಾರೆ ಅನ್ನುವುದೂ ಅಷ್ಟು ಸರಿಯಲ್ಲ. ಚಹಾ ನಿಂತು ಕುಡಿಯುತ್ತಾರೆ. ರೊಟ್ಟಿಯ ತುತ್ತು ಬಾಯಲ್ಲಿ ಇಟ್ಟುಕೊಂಡೇ ಹಿತ್ತಲಿಗೆ ಹೋಗಿ ಬರುತ್ತಾರೆ. ಪೇಪರಿನ ಮೊದಲ ಪುಟವನ್ನು ಕಟ್ಟೆಯ ಮೇಲೆ, ಕೊನೆಯ ಪುಟವನ್ನು ಗೇಟಿನ ಹತ್ತಿರ ಓದುತ್ತಾರೆ. ನಡುವಿನ ಪುಟಗಳು ಗಿಡದ ಬುಡದಲ್ಲಿ ಸಿಗುತ್ತವೆ. ನಮ್ಮದು ಅವರ ಎದುರು ಮನೆ. ಅವರು ಓಣಿಯಲ್ಲಿ ಅತ್ತಿಂದಿತ್ತ ಓಡಾಡುವುದನ್ನು ಒಂದು ಭಾನುವಾರ ಕಿಟಕಿಯಿಂದ ನೋಡುತ್ತ ಕೂತ ನಮ್ಮ ಯಜಮಾನರಿಗೆ ತಲೆ ತಿರುಗಿ, ಮಧ್ಯಾಹ್ನ ಊಟ ಸೇರಲಿಲ್ಲ.

ಇಂಥವರಿಗೆ ಹತ್ತಿದ ಗೀಳು ಡೇರೆ ಹೂವಿನದು. ಡೇಲಿಯಾ ಅಂತಾರಲ್ಲ, ಅದೇ. ಗಣಪತಿ ಹಬ್ಬ ಮುಗಿದ ಮೇಲೆ ಗಡ್ಡೆಯನ್ನು ನೆಲಕ್ಕೆ ಹಚ್ಚಿದರೆ ಸಂಕ್ರಾಂತಿಯ ಹೊತ್ತಿಗೆ ಊಟದ ತಾಟಿನಷ್ಟು ಹೂ. ವಾಕಿಂಗ್ ಹೊರಟವರು ಕಾಕಾನ ಗೇಟಿನ ಮುಂದೆ ನಿಂತರೋ, ಅವತ್ತಿನ ವಾಕಿಂಗ್ ಅಲ್ಲಿಗೇ ಮುಗಿಯಿತು. ಬಣ್ಣಗಳಿಗೆಲ್ಲ ಕಾಕಾ ಅಂಗಡಿಯ ಹೆಸರೇ ಇಟ್ಟಿದ್ದಾರೆ. ಕೇಸರಿ ಬಣ್ಣದ್ದು ಕುಸುಬಿ, ಹಳದಿಯದು ತೊಗರಿಬೇಳೆ, ಕಡುಗೆಂಪಿನದು ಬ್ಯಾಡಗಿ. ಎಲ್ಲಕ್ಕೂ ದೊಡ್ಡದಾದ ಬಿಳಿ ಹೂವಿಗೆ ಮಾಲದಂಡಿ ಎಂದು ಹೆಸರು. ಜೋಳದಲ್ಲಿ ಮಾಲದಂಡಿಗಿಂತ ಮೇಲಿನದು ಇಲ್ಲವಂತೆ. ಅದರ ಗಡ್ಡೆಯದು ಒಂದೇ ಒಂದು ಗೊಂಚಲು. ಅದನ್ನು ದೇವರ ಜಗಲಿಯ ಕೆಳಗೆ ಹಿಟ್ಟಿನ ಡಬ್ಬಿಯಲ್ಲಿ ಇಡುತ್ತಿದ್ದರು. ದೇವರಿಗೂ ಕಾವಲು, ಗಡ್ಡೆಗೂ ಕಾವಲು.

ಹೂ ಮುಗಿದು ಗಿಡ ಒಣಗಿದ ಮೇಲೆ ಗಡ್ಡೆ ಅಗೆದು ತೆಗೆಯಬೇಕು, ಇಲ್ಲದಿದ್ದರೆ ನಮ್ಮ ಧಾರವಾಡದ ಮಳೆಗೆ ನೆಲದಲ್ಲೇ ಕೊಳೆಯುತ್ತವೆ. ಉಪ್ಪಿನಬೆಟಗೇರಿಯ ರೈತರು ತಂದ ಜೋಳವನ್ನು ಅಂಗಡಿಯಲ್ಲಿ ಹೇಗೆ ಕಾಯುತ್ತಿದ್ದರೋ ಕಾಕಾ ಇವನ್ನೂ ಹಾಗೆಯೇ ಕಾಯುತ್ತಾರೆ. ನೆರಳಲ್ಲಿ ಒಣಗಿಸಿ, ಬೂದಿ ಸವರಿ, ಒಣ ಮರಳು ಮತ್ತು ಬೇವಿನ ಸೊಪ್ಪಿನ ನಡುವೆ ಮಂಚದ ಕೆಳಗೆ ಇಡುತ್ತಾರೆ. ಅಲ್ಲಿಗೆ ಬಿಟ್ಟರೆ ಅವೂ ಸುಖವಾಗಿರುತ್ತವೆ, ಮನೆಯವರೂ ಸುಖವಾಗಿರುತ್ತಾರೆ. ಬಿಡಬೇಕಲ್ಲ! ಜಿಟಿಜಿಟಿ ಮಳೆ ಹಿಡಿದಾಗೆಲ್ಲ ಎಲ್ಲವನ್ನೂ ಹೊರಗೆಳೆದು, ಒಂದೊಂದನ್ನೇ ಮೂಸಿ, ಮಂಚದ ಮೇಲೆ ಹರವಿ ಫ್ಯಾನ್ ಹಚ್ಚುತ್ತಾರೆ. ನಾನು ಮಲಗುವುದೆಲ್ಲಿ ಎಂದು ಅವರ ಹೆಂಡತಿ, ನಮ್ಮ ಕಾಕು, ಕೇಳಿದರೆ, "ಒಂದ್ ತಾಸು ತಡಿ, ಇವು ಏಳತಾವ" ಎನ್ನುತ್ತಾರೆ.

"ನಂಗ ಜ್ವರಾ ಬಂದಾಗ ಇವ್ರು ನನ್ನ ಹಣಿ ಮುಟ್ಟಿ ನೋಡ್ಲಿಲ್ಲವಾ ತಂಗಿ," ಎಂದು ಕಾಕು ಒಮ್ಮೆ ನನ್ನ ಮುಂದೆ ದೂರು ತೆಗೆದರು. "ಗಡ್ಡಿ ಮುಟ್ಟಿ ನೋಡಿ, ತಂಪು ಹತ್ತೇತಿ ಅಂತ ನನ್ನ ಶಾಲು ತಗೊಂಡು ಅವಕ್ಕ ಹೊಚ್ಚಿದ್ರು."

"ನೀ ಗುಳಗಿ ತಗೋತಿ," ಎಂದರು ಕಾಕಾ. "ಅವು ತಗೋತಾವೇನು?"

ಇನ್ನು ದಾನದ ವಿಷಯ. ಅಂಗಡಿಕಾರನ ಬಾಯಲ್ಲಿ "ಇಲ್ಲ" ಎಂಬ ಮಾತು ಬರಬಾರದೆಂಬುದು ಕಾಕಾನ ಕಾಲದ ವ್ಯಾಪಾರಸ್ಥರ ಕಟ್ಟುನಿಟ್ಟು. ಜೋಳ ಖಾಲಿಯಾಗಿದ್ದರೂ "ನಾಳೆ ಬರ್ರಿ, ಹೊಸಾದು ಬರ್ತದ" ಎನ್ನಬೇಕು. ಇಲ್ಲ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳಂತೆ. ಅಂಗಡಿ ಮುಚ್ಚಿದರೂ ಬಾಯಿ ಮಾತ್ರ ಅಂಗಡಿಯದೇ ಉಳಿಯಿತು. ಯಾರೇ ಬಂದು "ಒಂದ್ ಗಡ್ಡಿ ಕೊಡ್ರಿ ಕಾಕಾ" ಅಂದರೂ ಒಳಗೆ ಓಡಿ, ಇದ್ದುದರಲ್ಲೇ ದಪ್ಪನೆಯದನ್ನು ತಂದು ಎರಡೂ ಕೈಯಿಂದ ಕೊಡುವರು. ಗೊಬ್ಬರ ಎಷ್ಟು, ನೀರು ಎಷ್ಟು, ಬಿಸಿಲು ಯಾವ ಕಡೆಯದು ಎಂದು ಗೇಟಿನ ತನಕ ಹೇಳುತ್ತ ಹೋಗುವರು. ಜನ ಖುಷಿಯಿಂದ ಒಯ್ದು ಹಚ್ಚುತ್ತಿದ್ದರು. ದೀಪಾವಳಿ ಬಂದು ಹೋಗುತ್ತಿತ್ತು, ಕುಂಡ ಬೋಳಾಗಿಯೇ ಇರುತ್ತಿತ್ತು.

ಆಗ ಅವರೇ ನಾಚಿಕೊಂಡು ಬಂದು, "ಅಂಥಾ ಛಲೋ ಗಡ್ಡಿ ಕೊಟ್ರಿ, ನಮ್ಮ ಕೈಗುಣಾನ ಸರಿ ಇಲ್ರಿ" ಎನ್ನುತ್ತಿದ್ದರು. ಕೆಲವರು ಕೈ ಇಟ್ಟರೆ ಒಣ ಕಡ್ಡಿಯೂ ಚಿಗುರುತ್ತದೆ, ಕೆಲವರು ಕೈ ಇಟ್ಟರೆ ಚಿಗುರಿದ್ದೂ ಒಣಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಯಾರಿಗಿಲ್ಲ? ನನಗೂ ಇತ್ತು. ಕಾಕಾ ಕೊಟ್ಟ ಗಡ್ಡೆ ವರ್ಷವರ್ಷವೂ ನನ್ನ ಕುಂಡದಲ್ಲಿ ಮಣ್ಣಾದದ್ದನ್ನು ನೋಡಿ, ನಮ್ಮ ಯಜಮಾನರು ಒಂದು ದಿನ ಪೇಟೆಯಿಂದ ಪ್ಲಾಸ್ಟಿಕ್ ಹೂ ತಂದು ಆ ಕುಂಡದಲ್ಲಿ ನೆಟ್ಟರು.

ಕಾಕಾನ ಗೋಡೆಗೆ ಹತ್ತಿದ ಮನೆ ಶಮೀಮಕ್ಕನದು. ಗಂಡ ಲಕಮನಹಳ್ಳಿಯ ಕಾರ್ಖಾನೆಗಳಲ್ಲಿ ಮೋಟಾರ್ ರಿಪೇರಿ ಮಾಡುತ್ತಾರೆ. ಶಮೀಮಕ್ಕ ಮನೆಯಲ್ಲೇ ಹೊಲಿಗೆ ಹಾಕುತ್ತಾರೆ. ಓಣಿಯ ಹೆಂಗಸರ ಜಂಪರುಗಳೆಲ್ಲ ಅವರ ಕೈಯವೇ. ಹೋದ ವರ್ಷ ದಸರೆಯ ಹೊತ್ತಿಗೆ ಅವರ ಮಗಳ ಮದುವೆ ಗೊತ್ತಾಗಿ, ಬಟ್ಟೆಯೂ ಬಂದಿತ್ತು. ಜಂಪರು ಕೊಡಲು ಹೋದ ಕಾಕು ಸಪ್ಪಗೆ ಮುಖ ಮಾಡಿಕೊಂಡು ಬಂದರು.

"ಮಗಳ ಮದುವಿ ಅರಿವಿ ಆಕಿ ಹೊಲಿಯಂಗಿಲ್ಲಂತ. ಹುಬ್ಬಳ್ಳಿ ಗೋಕುಲ ರಸ್ತಾದಾಗ ಯಾವುದೋ ಅಂಗಡಿಗೆ ಕೊಡ್ತಾಳಂತ."

"ಯಾಕ?" ಎಂದರು ಕಾಕಾ, ಎಂದಿನಂತೆ ಬಾಗಿಲು ದಾಟುತ್ತ.

"ಮೊದಲ ಕತ್ತರಿ ಹಾಕಾಕ ಕೈ ನಡಗತಾವಂತ. 'ಕಾಕಾರಂಥವರು ಕೊಟ್ಟ ಗಡ್ಡೀನ ನನ್ನ ಕೈಯಾಗ ಹತ್ತವಲ್ದು ಕಾಕು, ಮಗಳ ಬಾಳೇವ ನಾ ಹೆಂಗ ಸುರು ಮಾಡ್ಲಿ' ಅಂತ ಕಣ್ಣೀರ ತೆಗದ್ಲು."

ಹೊಸ್ತಿಲ ಮೇಲೆ ಒಂದು ಕಾಲು ಇಟ್ಟಿದ್ದ ಕಾಕಾ ಇನ್ನೊಂದನ್ನು ಎತ್ತಲಿಲ್ಲ.

ಆ ಸಂಜೆ ನಮ್ಮ ಮನೆಗೆ ಬಂದರು. ಬಂದವರೇ ಕುರ್ಚಿಯ ಮೇಲೆ ಕೂತರು. ಕಾಕಾ ಕೂತಿದ್ದನ್ನು ನಾನು ಕಂಡದ್ದು ನಮ್ಮ ಅಪ್ಪ ತೀರಿಕೊಂಡ ದಿನ ಮಾತ್ರ.

"ತಂಗಿ, ಆಲೂಗಡ್ಡಿಗೆ ಮೈತುಂಬ ಕಣ್ಣು ಇರ್ತಾವ," ಎಂದು ಶುರು ಮಾಡಿದರು. "ಡೇರಿಗೆ ಹಂಗಲ್ಲ. ಹಳೇ ದಂಟಿನ ಬುಡಕ್ಕ, ಕುತ್ತಿಗಿ ಹತ್ರ ಅಷ್ಟ ಕಣ್ಣು. ಆ ಕುತ್ತಿಗಿ ಬಿಟ್ಟು ಮುರದ್ರ, ಗಡ್ಡಿ ಎಷ್ಟ ದಪ್ಪ ಇದ್ರೂ ಹುಟ್ಟಂಗಿಲ್ಲ."

"ಹಂಗಾದ್ರ ನೀವು ಮಂದಿಗೆ ಕೊಟ್ಟದ್ದು?"

"ಕುತ್ತಿಗಿ ಬಿಟ್ಟು."

"ಎಲ್ಲಾರಿಗೂ?"

"ಎಲ್ಲಾರಿಗೂ. ನಾ ಭೇದ ಮಾಡಂಗಿಲ್ಲ."

"ನಂಗೂ?"

"ನಿಂಗ ಒಂಚೂರು ದಪ್ಪಂದು ಕೊಟ್ಟೇನಲ್ಲ," ಎಂದರು ಕಾಕಾ, ಸಮಾಧಾನ ಹೇಳುವವರಂತೆ. ಆಮೇಲೆ ತಲೆ ತಗ್ಗಿಸಿ, "ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಕೊಡಾಕ ಮನಸ ಬರಂಗಿಲ್ಲ. ಏನ್ ಮಾಡ್ಲಿ ಹೇಳು," ಎಂದರು.

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಎಷ್ಟು ವರ್ಷ ನೀರು ಹಾಕಿದ್ದೆ ಆ ಮಣ್ಣಿಗೆ! ಆದರೆ ಎದುರಿಗೆ ಕೂತವರ ಮುಖ ನೋಡಿದರೆ ಬೈಯುವ ಮನಸ್ಸಾಗಲಿಲ್ಲ. "ಹೋಗಿ ಖರೇ ಹೇಳಿಬಿಡ್ರಿ," ಎಂದೆ. ಒಬ್ಬರೇ ಹೋಗಲು ಕಾಲು ಬರದೆ ನನ್ನನ್ನೂ ಎಳೆದುಕೊಂಡು ಹೋದರು.

ಶಮೀಮಕ್ಕ ಮಷೀನಿನ ಮುಂದೆ ಕೂತಿದ್ದರು. ಕಾಕಾ ನಿಂತಲ್ಲೇ ಎಲ್ಲ ಹೇಳಿದರು, ಒಂದಕ್ಷರ ಮುಚ್ಚಿಡಲಿಲ್ಲ. ಕಣ್ಣಿಲ್ಲದ ಗಡ್ಡೆ, ಬೇಕಂತಲೇ ಮುರಿದದ್ದು, ತಪ್ಪು ನನ್ನದು, ನಿನ್ನ ಕೈಯದಲ್ಲ. ಶಮೀಮಕ್ಕ ಮಷೀನು ನಿಲ್ಲಿಸಿ ಕೇಳಿದರು. ಕೇಳಿ ನಕ್ಕರು. ನಕ್ಕು ಕಣ್ಣು ಒರೆಸಿಕೊಂಡರು.

"ಸಾಕ್ ಬಿಡ್ರಿ ಕಾಕಾ. ನಂಗ ಬ್ಯಾಸರ ಆಗಬಾರದಂತ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ನೀವು ಅಂಥಾ ಕೆಲಸಾ ಮಾಡತೀರಂದ್ರ ಯಾರು ನಂಬ್ತಾರ?"

"ಖರೇನ ಮಾಡೇನಿ ತಂಗಿ."

"ಕುಂದರ್ರಿ, ಚಹಾ ಮಾಡ್ತೇನಿ."

ತಪ್ಪು ಒಪ್ಪಿಕೊಳ್ಳಲು ಹೋದವರು ಮೊದಲಿಗಿಂತ ದೊಡ್ಡ ಮನುಷ್ಯರಾಗಿ ಹೊರಬಂದರೆ ಹೇಗಿರುತ್ತದೆ? ಕಾಕಾನ ಮುಖ ಹಾಗಿತ್ತು. ಒಳ್ಳೆಯ ಗಡ್ಡೆ ತಂದು ಕೊಡುತ್ತೇನೆಂದರೂ ಶಮೀಮಕ್ಕ ಕೇಳಲಿಲ್ಲ. ಆ ವರ್ಷದ್ದು ಆಗಲೇ ಅಂಗಳದ ಕುಂಡದಲ್ಲಿತ್ತು. "ದೀಪಾವಳಿತನಕ ನೋಡ್ತೇನಿ. ಇದು ಹತ್ತಿದ್ರ ನಾನೇ ಕತ್ತರಿ ಹಿಡೀತೇನಿ. ಇಲ್ಲಾಂದ್ರ ಅರಿವಿ ಅಂಗಡಿಗೆ ಹೋಗ್ತಾವ," ಎಂದರು. ಆ ಕುಂಡದಲ್ಲಿ ಇದ್ದದ್ದೂ ಕಾಕಾ ಕೊಟ್ಟದ್ದೇ. ಅದು ಯಾವ ದೀಪಾವಳಿಗೂ ಹತ್ತುವಂಥದ್ದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಕಾಕಾನ ಓಡಾಟ ಮಿತಿ ಮೀರಿತು. ಊಟದ ತಾಟು ಬಿಟ್ಟು ಏಳುತ್ತಿದ್ದರು. ಗೋಡೆಯ ಹತ್ತಿರ ಹೋಗಿ ಆ ಕುಂಡ ನೋಡುತ್ತಿದ್ದರು, ಮತ್ತೆ ಬರುತ್ತಿದ್ದರು, ಮತ್ತೆ ಹೋಗುತ್ತಿದ್ದರು. ಅವರನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂರಲಾಗದಂತಾಯಿತು. ಹಾಲು ಉಕ್ಕಿಸಿದೆ, ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಕೊನೆಗೆ ಶಮೀಮಕ್ಕ ಮಗಳನ್ನು ಕರೆದುಕೊಂಡು ಬಳೆ ಕೊಳ್ಳಲು ಹುಬ್ಬಳ್ಳಿಗೆ ಹೋದ ಮಧ್ಯಾಹ್ನ, ಕಾಕಾ ಹಿಟ್ಟಿನ ಡಬ್ಬಿ ಬಗಲಲ್ಲಿ ಹಿಡಿದು ಬಂದು, "ನಡಿ," ಎಂದರು.

"ಮಾಲದಂಡಿ?" ಎಂದೆ. ಬೇರೆ ಯಾವುದಾದರೂ ಆಗದೇ ಎಂದು ಕೇಳಿದರೆ, ಉಳಿದವೆಲ್ಲ ಆಗಲೇ ನೆಲ ಸೇರಿ ಎಲೆ ಬಿಟ್ಟಿದ್ದವು. ಮಳೆ ಪೂರ್ತಿ ಬಿಡಲೆಂದು ಹಚ್ಚದೆ ಇಟ್ಟದ್ದು ಇದೊಂದೇ. ಅದರಲ್ಲೂ ಆ ವರ್ಷದ ಮಳೆಗೆ ಗೊಂಚಲೆಲ್ಲ ಕೊಳೆತು, ಕುತ್ತಿಗೆಯಲ್ಲಿ ಕಣ್ಣು ಒಡೆದ ಒಂದೇ ಗಡ್ಡೆ ಉಳಿದಿತ್ತು. ಅದನ್ನು ಕೊಟ್ಟರೆ ಕಾಕಾನ ಹತ್ತಿರ ಮಾಲದಂಡಿ ಮುಗಿಯಿತು.

ನಾನು ಗೇಟಿನಲ್ಲಿ ಕಾವಲು. ಕಾಕಾ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಹಳೆಯದನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಹೊಸದನ್ನು ಮಲಗಿಸಿ ಮಣ್ಣು ಎಳೆಯುತ್ತಿದ್ದರು. ನಾನು ಓಣಿಯ ಆ ತುದಿ ನೋಡುತ್ತಿದ್ದರೆ, ಈ ತುದಿಯಿಂದ ಶಮೀಮಕ್ಕನ ಗಂಡ ಊಟಕ್ಕೆ ಬಂದು ಹಿಂದೆಯೇ ನಿಂತಿದ್ದರು. ನನ್ನಂಥ ಕಾವಲುಗಾರ್ತಿ!

"ಇರುವಿ ಆಗ್ಯಾವೇನ ಅಂತ ನೋಡಾಕತ್ತಿದ್ನಿ," ಎಂದರು ಕಾಕಾ, ಮೊಣಕೈವರೆಗೆ ಮಣ್ಣು ಮಾಡಿಕೊಂಡು.

ಶಮೀಮಕ್ಕನ ಗಂಡ ಕುಂಡ ನೋಡಿದರು, ಡಬ್ಬಿ ನೋಡಿದರು, ಕಾಕಾನ ಉಬ್ಬಿದ ಜೇಬು ನೋಡಿದರು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕಾಕಾನ ಕೈ ಮೇಲೆ ಹಾಕಿದರು. ಸಂಜೆ ಶಮೀಮಕ್ಕ ಮಣ್ಣು ಕೆದರಿದಂತಿದೆ ಎಂದಾಗ, "ಬೆಕ್ಕು ಬಂದಿತ್ತು," ಎಂದು ಅವರು ಹೇಳಿದ್ದು ಗೋಡೆಯ ಈಚೆ ನಮಗೂ ಕೇಳಿಸಿತು.

ದೀಪಾವಳಿಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಬೆಳಗ್ಗೆ ಶಮೀಮಕ್ಕ ತಲೆ ಬಾಚದೆ ಓಡಿ ಬಂದು ಕಾಕಾನ ಕೈ ಹಿಡಿದು ಎಳೆದೊಯ್ದರು. ಕುಂಡದಲ್ಲಿ ಕೆಂಪು ಮೊಳಕೆಯೊಂದು ಮಣ್ಣು ಸೀಳಿ ನಿಂತಿತ್ತು. "ನಿನ್ನ ಕೈಗುಣ ದೊಡ್ಡದು ತಂಗಿ," ಎಂದರು ಕಾಕಾ. ಅವತ್ತೇ ಶಮೀಮಕ್ಕ ಚಾಪೆ ಹಾಸಿ, ಮಗಳ ಬಟ್ಟೆ ಹರವಿ, ದೇವರ ಹೆಸರು ಹೇಳಿ ಕತ್ತರಿ ಹಾಕಿದರು. ಕೈ ನಡುಗಲಿಲ್ಲ. ಮದುವೆಯಲ್ಲಿ ಮದುಮಗಳು ತೊಟ್ಟ ಆ ಶರಾರಾ ನೋಡಿದವರೆಲ್ಲ ಯಾವ ಊರಿನ ಅಂಗಡಿಯದೆಂದು ಕೇಳಿದರು. ಮಾಲದಂಡಿಯೂ ಆ ಅಂಗಳದಲ್ಲಿ ಅರಳಿತು. ಕಾಕಾ ಅದನ್ನು ಹೊಸ ಹೂ ನೋಡುವವರಂತೆ ಗೋಡೆಯ ಮೇಲಿಂದ ನೋಡಿ ಬರುತ್ತಿದ್ದರು.

ಬೇಸಿಗೆಯಲ್ಲಿ ಗಿಡ ಒಣಗಿದಾಗ ಶಮೀಮಕ್ಕ ತಾವೇ ಅಗೆದರು. ಗೊಂಚಲಿನಿಂದ ಎಲ್ಲಕ್ಕೂ ದಪ್ಪನೆಯದನ್ನು ಲಟಕ್ಕನೆ ಮುರಿದು, ಸೆರಗಿನಿಂದ ಒರೆಸಿ, "ಮೊದಲನೇದು ನಿಮಗ ಕಾಕಾ," ಎಂದು ಕೊಟ್ಟರು. ಕುತ್ತಿಗೆ ಗೊಂಚಲಲ್ಲೇ ಉಳಿದಿತ್ತು. ನಾನು ನೋಡಿದೆ, ಕಾಕಾನೂ ನೋಡಿದರು. ಇನ್ನೊಂದು ಕೊಡು ಎಂದು ಕೇಳಬಹುದಿತ್ತು. ಕೇಳಲಿಲ್ಲ. "ಭಾಳ ಛಲೋ ಗಡ್ಡಿ," ಎಂದು ಕಣ್ಣಿಗೆ ಒತ್ತಿಕೊಂಡರು. ಮಳೆಗಾಲವೆಲ್ಲ ಕಾಯ್ದರು, ಗಣಪತಿಯಾದ ಮೇಲೆ ಹಚ್ಚಿದರು, ದಿನಾ ನೀರು ಹಾಕಿದರು. ಹುಟ್ಟುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊನ್ನೆ ಶಮೀಮಕ್ಕ ಗೋಡೆಯ ಮೇಲಿಂದ ಇಣುಕಿ ಹತ್ತಿತೇ ಎಂದು ಕೇಳಿದರು.

"ಇಲ್ಲ ತಂಗಿ. ನಂಗ ಕೈಗುಣಾ ಇಲ್ಲ," ಎಂದರು ಕಾಕಾ.

ಶಮೀಮಕ್ಕ ಸುತ್ತು ಹಾಕಿಕೊಂಡು ಬಂದೇ ಬಿಟ್ಟರು, ಕೈಯಲ್ಲಿ ತಮ್ಮ ಗೊಂಚಲಿನ ಒಂದು ಭಾಗ, ದಂಟಿನ ಬುಡದಲ್ಲಿ ಮೊಳಕೆ ಒಡೆದದ್ದು. "ಬಾಜೂಕ ಸರೀರಿ ಕಾಕಾ," ಎಂದು ಅವರನ್ನು ಅವರದೇ ಹೂವಿನ ಮಡಿಯಿಂದ ಎಬ್ಬಿಸಿ, ತಾವು ಕೂತು ಮಣ್ಣು ತೋಡಿದರು. "ನಾ ಹಚ್ಚಿ ಕೊಡ್ತೇನಿ. ನನ್ನ ಕೈಯಾಗ ಹತ್ತಲಾರದ್ದು ಯಾವುದೂ ಇಲ್ಲ."

ಮಣ್ಣು ಮುಚ್ಚಿ, ಕೈ ಝಾಡಿಸಿ, ಒಲೆಯ ಮೇಲೆ ಅನ್ನ ಇದೆಯೆಂದು ಹೊರಟುಹೋದರು. ಕಾಕಾ ನೀರಿನ ಪೈಪು ಹಿಡಿದು ನಿಂತೇ ಇದ್ದರು. ನೀರು ಅವರ ಪಾದದ ಮೇಲೆ ಹರಿಯುತ್ತಿತ್ತು.

"ಕೇಳಿದಿ?" ಎಂದರು ನನಗೆ. "ಆಕಿ ತನ್ನ ಕೈ ಬಗ್ಗೆ ಏನಂದ್ಲು, ಕೇಳಿದಿಲ್ಲೋ?"