ಟವೆಲ್ ಕೆಳಗಿನ ಅರ್ಥಶಾಸ್ತ್ರ

ತಳಕು ಊರಿನ ಹಳೇ ದಲ್ಲಾಳಿ ಕೊಟ್ಟೂರಪ್ಪ ನಾಲಿಗೆ ಬಿಗಿಹಿಡಿದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಪೀರ್ ಸಾಬರ ಪಂಕ್ಚರ್ ಅಂಗಡಿ ಮುಂದೆ ಚಹಾ ಕುಡಿಯುತ್ತ, "ನಮ್ ರಾಷ್ಟ್ರಪತಿ ಚಿನ್ನಯ್ಯ ಅರ್ಥಶಾಸ್ತ್ರ ಕಲ್ತಿದ್ದೇ ನನ್ ಕೈ ಹಿಡ್ದು" ಅಂದುಬಿಟ್ಟ. ಮಾತು ಬಸ್ಸು ಹತ್ತಿ ಅಧಿಕಾರಿಗಳ ಕಿವಿ ತಲುಪಿತು. ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಲ್ಲಿ ಎದ್ದ ಹೊಸ ಸಂಶೋಧನಾ ಕೇಂದ್ರದ ಉದ್ಘಾಟನೆಗೆ ರಾಷ್ಟ್ರಪತಿ ಬರುತ್ತಾರೆ, ಅವರಿಗೆ ಚಳ್ಳಕೆರೆ ಕಂಬಳಿ ಹೊದಿಸುವವರು ನೀವೇ ಎಂದು ಹೇಳಿಕಳಿಸಿದರು.

ಕೊಟ್ಟೂರಪ್ಪ ಹೇಳಿದ್ದು ಸುಳ್ಳೇನಲ್ಲ. ಬಿ.ಜಿ. ಕೆರೆಯ ಚಿನ್ನಯ್ಯ ಓದುವ ಕಾಲಕ್ಕೆ ಚಳ್ಳಕೆರೆ ದನದ ಸಂತೆಯಲ್ಲೇ ಬಿದ್ದಿರುತ್ತಿದ್ದ. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದೇ ಚೌಕಾಸಿ. ಸುತ್ತ ಎಷ್ಟು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಆ ಇಬ್ಬರಿಗೇ. ಈ ಗುಟ್ಟಿನ ಬೆಲೆಯ ಮೇಲೆಯೇ ಡಾಕ್ಟರೇಟ್ ಮಾಡಬೇಕೆಂದು ಚಿನ್ನಯ್ಯ ಹಟ ಹಿಡಿದಿದ್ದ. ತೆರಿಗೆಯವನಿರಬೇಕೆಂದು ದಲ್ಲಾಳಿಗಳೆಲ್ಲ ಅವನನ್ನು ಅಟ್ಟಿದರು. ಟವೆಲ್ ಕೆಳಗೆ ಕೈ ಇಡಲು ಬಿಟ್ಟವನು ಕೊಟ್ಟೂರಪ್ಪ ಒಬ್ಬನೇ. ಪಾಠ ಮುಗಿದ ಮರು ಸಂತೆಗೇ ಶಿಷ್ಯ ತನ್ನಪ್ಪನ ಮುದಿ ಎತ್ತನ್ನು ಗುರುವಿಗೇ ಮಾರಿ ಮನೆಗೆ ಹೋದ. ಅಂಥ ತಲೆ ಅವನದು.

ಆ ತಲೆ ಅವನನ್ನು ದೆಹಲಿಗೆ ಒಯ್ದಿತು. ಪ್ರಾಧ್ಯಾಪಕನಾದ, ಸರ್ಕಾರಕ್ಕೆ ಸಲಹೆಗಾರನಾದ. ಬಡವರ ತುತ್ತಿಗೆ ಕೈ ಹಾಕುವ ಯೋಜನೆ ಬಂದಾಗ ಮಂತ್ರಿಗಳ ಎದುರೇ ಆಗುವುದಿಲ್ಲ ಎಂದು ಎದ್ದು ಬಂದ. ಕೊನೆಗೆ ಎಲ್ಲ ಪಕ್ಷದವರೂ ಸೇರಿ ರಾಷ್ಟ್ರಪತಿ ಮಾಡಿದರು. ಇಷ್ಟೆಲ್ಲ ಆದರೂ ಒಬ್ಬ ನೆಂಟನಿಗೂ ನೌಕರಿ ಕೊಡಿಸಿದವನಲ್ಲ. ಅವನ ನೆನಪಾದರೆ ಸಾಕು, ಕೊಟ್ಟೂರಪ್ಪನ ಎದೆ ಉಬ್ಬುತ್ತಿತ್ತು.

ಆದರೆ ಆ ಎತ್ತಿನ ವ್ಯಾಪಾರ ಆದಮೇಲೆ ಇಬ್ಬರೂ ಮತ್ತೆ ಭೇಟಿಯಾದದ್ದಿಲ್ಲ. ಪೀರ್ ಸಾಬರ ಎದುರು ಅಂಗಡಿಯ ಅಂಜಿನೇಯ ಅದನ್ನೇ ಹಿಡಿದುಕೊಂಡ. ಅವನೂ ಹಳೇ ದಲ್ಲಾಳಿ, ಈಗ ಹಿಂಡಿ ಬೂಸಾ ಮಾರುತ್ತಾನೆ.

"ಲೇ ಕೊಟ್ಟೂರಾ, ಅವ್ರು ಗುರುತು ಹಿಡಿದ್ರೆ ನಿನ್ ಕಾಲಿಗೆ ಬೀಳ್ತೀನಿ. ಹಿಡೀಲಿಲ್ಲ ಅಂದ್ರೆ ತಳಕಿನಾಗೆ ಹೆಂಗೆ ತಲೆ ಎತ್ಕಂಡು ತಿರುಗ್ತೀಯೋ ನೀನೇ ನೋಡ್ಕೋ."

ಕಾರ್ಯಕ್ರಮದ ದಿನ ಬೆಳಗಾಗುತ್ತಲೇ ಪಕ್ಕದ ಮನೆ ಸುಲೋಚನಮ್ಮ ಬಂದಳು. "ಮೀಸೆ ಕಪ್ಪು ಮಾಡ್ಕಳ್ರಿ ಕೊಟ್ಟೂರಪ್ಪಣ್ಣ. ಅವ್ರು ನೋಡಿದ್ದು ಕಪ್ಪು ಮೀಸೆ ಅಲ್ವಾ?" ಮಾತು ಸರಿ ಎನಿಸಿತು. ಬಣ್ಣ ಮೀಸೆಗೆ ಹತ್ತಿದ್ದಕ್ಕಿಂತ ಕೆನ್ನೆಗೆ ಹೆಚ್ಚು ಹತ್ತಿತು. ಹೆಂಡತಿ ಬಸವಲಿಂಗಮ್ಮ ಸೀಗೆಪುಡಿ ಹಾಕಿ ಉಜ್ಜಿದಳು. ಬಣ್ಣ ಹೋಗಲಿಲ್ಲ, ಕೆನ್ನೆ ಕೆಂಪಾಯಿತು.

"ನಂಗೇ ನಿಮ್ ಗುರುತು ಸಿಗ್ತಿಲ್ಲ, ಇನ್ನ ಅವ್ರಿಗೆ ಸಿಗ್ತೈತಾ" ಎಂದಳು.

ಪೀರ್ ಸಾಬರ ಜೀಪು ಚಳ್ಳಕೆರೆ ದಾಟಿದ ಮೇಲೆ ಕೆಮ್ಮಿ ನಿಂತಿತು. ಸಾಕ್ಷಿಗೆಂದು ಬಂದಿದ್ದ ಅಂಜಿನೇಯ ಇಳಿಯಲಿಲ್ಲ, ಸೊಂಟ ನೋವು ಎಂದ. ಹೊಸ ಪಂಚೆಯ ಕೊಟ್ಟೂರಪ್ಪನೇ ಹಿಂದಿನಿಂದ ತಳ್ಳಿದ. ಜೀಪು ಹೊರಟಾಗ ಹೊಗೆಯೆಲ್ಲ ಪಂಚೆಗೆ ಬಂತು.

ಕೇಂದ್ರದ ಗೇಟಿನಲ್ಲಿ ಪೊಲೀಸ್ ನಾಯಿ ಕಂಬಳಿ ಮೂಸಿತು. ಕುರಿಯ ವಾಸನೆ ಅದಕ್ಕೆ ಎಷ್ಟು ಹಿಡಿಸಿತೆಂದರೆ, ಕಂಬಳಿ ಮೇಲೆ ಮಲಗಿ ಕಣ್ಣು ಮುಚ್ಚಿತು. ಇಬ್ಬರು ಪೊಲೀಸರು ಎಬ್ಬಿಸಬೇಕಾಯಿತು. ಆಮೇಲೆ ಒಬ್ಬ ಅಧಿಕಾರಿ ಬಂದು ಸಿಡಿಲಿನಂಥ ಮಾತು ಹೇಳಿದ.

"ಕಂಬಳಿ ಹೊದಿಸಿ, ಕೈ ಮುಗಿದು ಇಳೀಬೇಕು. ಒಂದು ಮಾತೂ ಆಡಂಗಿಲ್ಲ."

"ಹೆಸ್ರಾದ್ರೂ ಹೇಳ್ತೀನ್ರಿ ಸಾರ್."

"ಆಡಂಗಿಲ್ಲ ಅಂದೆ."

ಕೊಟ್ಟೂರಪ್ಪ ಟವೆಲ್ ತುದಿಯಿಂದ ಕೆನ್ನೆ ಮತ್ತೆ ಉಜ್ಜಿಕೊಂಡ. ಹೆಸರು ಹೇಳುವಂತಿಲ್ಲ, ಮುಖ ನೋಡಿದರೆ ಬಣ್ಣ ಬಳಿದ ವೇಷ. ಇನ್ನು ಗುರುತು ಹೇಗೆ ಹಿಡಿದಾರು? ಅಂತೂ ವೇದಿಕೆ ಹತ್ತಿದ. ಬೆಳ್ಳಿಕೂದಲಿನ ಚಿನ್ನಯ್ಯ ಎದ್ದು ನಿಂತರು. ಕೊಟ್ಟೂರಪ್ಪ ಕಂಬಳಿ ಹೊದಿಸಿದ. ಅವರು ಒಮ್ಮೆ ಮುಖ ನೋಡಿದರು. ಹುಬ್ಬು ಕೂಡ ಏರಲಿಲ್ಲ. ಮುಂದಿನ ಸಾಲಿನಲ್ಲಿ ಅಂಜಿನೇಯ ನಗು ತಡೆಯಲಾರದೆ ಟವೆಲ್ ಬಾಯಿಗೆ ತುರುಕಿಕೊಂಡ.

ಆಗ ಕಂಬಳಿಯ ಮಡಿಕೆಯೊಳಗೆ ಒಂದು ಕೈ ಬಂದು ಕೊಟ್ಟೂರಪ್ಪನ ಬೆರಳು ಹಿಡಿಯಿತು. ಮೊದಲು ಎರಡು ಬೆರಳು ಸೇರಿಸಿ ಒತ್ತಿತು, ಆಮೇಲೆ ಕಿರುಬೆರಳೊಂದನ್ನೇ. ಅದು ಆ ಮುದಿ ಎತ್ತಿನ ಬೆಲೆ. ದೇಶದ ದೊರೆ ಇಷ್ಟು ವರ್ಷವಾದ ಮೇಲೂ ಅದನ್ನು ಮರೆತಿರಲಿಲ್ಲ. ಕೊಟ್ಟೂರಪ್ಪನಿಗೆ ಅಳು ಉಕ್ಕಿ ಬಂತು. ಆದರೆ ಬೆರಳು ಹಿಡಿದಾಗ ಮುಖದಲ್ಲಿ ಏನೂ ತೋರಿಸಬಾರದು ಎಂಬುದು ಅವನ ಕಸುಬು. ಕಲ್ಲಿನ ಹಾಗೆ ನಿಂತು, ಕೈ ಮುಗಿದು ಇಳಿದು, ಅಂಜಿನೇಯನ ಪಕ್ಕ ಕೂತ.

"ಗುರುತೇ ಹಿಡೀಲಿಲ್ವಲ್ಲೋ" ಎಂದ ಅಂಜಿನೇಯ.

"ಬೆರಳು ಹಿಡಿದ್ರು ಕಣೋ. ಕಂಬಳಿ ಕೆಳಗೆ."

"ಯಾರು ಕಂಡ್ರು?"

ಅಷ್ಟರಲ್ಲಿ ರಾಷ್ಟ್ರಪತಿಗಳ ಭಾಷಣ ಶುರುವಾಯಿತು. "ನಾನು ಯಾವ ಯಾವ ವಿಶ್ವವಿದ್ಯಾಲಯಕ್ಕೋ ಹೋದೆ. ಆದರೆ ನನಗೆ ಮೊದಲ ಪಾಠ ಹೇಳಿದವರು ಚಳ್ಳಕೆರೆ ಸಂತೆಯ ಒಬ್ಬ ದಲ್ಲಾಳಿ. ಎಲ್ಲರೂ ಅಟ್ಟಿದಾಗ ಅವರು ಕೈ ಕೊಟ್ಟರು. ಅವರು ಇಲ್ಲೇ ಇದ್ದಾರೆ."

ಕೊಟ್ಟೂರಪ್ಪನ ಕಣ್ಣು ತುಂಬಿತು. ಅಂಜಿನೇಯನ ಕೈಯಿಂದ ಟವೆಲ್ ಕೆಳಗೆ ಬಿತ್ತು.

"ಹೆಸರು ಮಾತ್ರ ಹೇಳುವುದಿಲ್ಲ. ಟವೆಲ್ ಕೆಳಗೆ ನಡೆದದ್ದು ಯಾವತ್ತೂ ಹೊರಗೆ ಬರಬಾರದು ಅಂತ ಅವರೇ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ."

ಸಭೆ ಚಪ್ಪಾಳೆ ತಟ್ಟಿತು. ಕೊಟ್ಟೂರಪ್ಪ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ. ಅಂಜಿನೇಯ ಸೊಂಟ ನೋವು ಮರೆತು ಎದ್ದು, ಸಭೆಯ ಕಡೆ ತಿರುಗಿ, ಆ ದಲ್ಲಾಳಿ ತಾನೇ ಎಂಬಂತೆ ವಿನಯದಿಂದ ಕೈ ಮುಗಿದ. ಕ್ಯಾಮೆರಾಗಳೆಲ್ಲ ಅವನ ಕಡೆಗೇ ತಿರುಗಿದವು.

ಸಂಜೆ ತಳಕಿನಲ್ಲಿ ಅಂಜಿನೇಯನಿಗೆ ಸನ್ಮಾನ. "ಎಂಥ ಮನುಷ್ಯ ರೀ, ಆಣೆಗೆ ಕಟ್ಟುಬಿದ್ದು ಇಷ್ಟ್ ದಿನ ಬಾಯೇ ಬಿಡ್ಲಿಲ್ಲ" ಎಂದು ಪೀರ್ ಸಾಬರು ಹೊಗಳಿದರು. "ನೀವೇ ಶಾಲು ಹೊದಿಸ್ರಿ ಕೊಟ್ಟೂರಪ್ಪ, ಬೆಳಗ್ಗೆಯಿಂದ ಅಭ್ಯಾಸ ಆಗೈತೆ."

ನಿಜ ಹೇಳಿಬಿಡೋಣ ಎನಿಸಿತು ಕೊಟ್ಟೂರಪ್ಪನಿಗೆ. ಆದರೆ ರಾಷ್ಟ್ರಪತಿಯೇ ಉಳಿಸಿಕೊಂಡ ಆಣೆಯನ್ನು ಗುರುವಾದ ತಾನು ಇನ್ನೊಮ್ಮೆ ಹೇಗೆ ಮುರಿಯುವುದು? ಶಾಲು ಹೊದಿಸಿದ. ಒಳಗಿನಿಂದ ಅಂಜಿನೇಯ ಅವನ ಬೆರಳು ಹಿಡಿದುಕೊಂಡ.

"ಸುಮ್ಕಿರೋಕೆ ಹಿಂಡಿ ಮೂಟೆ" ಎಂದು ಉಸುರಿ, ಒಂದು ಬೆರಳು ಒತ್ತಿದ.

ರೂಢಿ ಬಿಡಬೇಕಲ್ಲ. ಕೊಟ್ಟೂರಪ್ಪನ ಕೈ ತಾನಾಗಿ ಮೂರು ಬೆರಳು ಒತ್ತಿತು. ಅಂಜಿನೇಯ ಮತ್ತೆ ಒಂದನ್ನೇ ಹಿಡಿದ. ಚಪ್ಪಾಳೆ ನಿಲ್ಲುವಷ್ಟರಲ್ಲಿ ವ್ಯಾಪಾರ ಒಂದು ಮೂಟೆಗೇ ಕುದುರಿತ್ತು.

ಮನೆಗೆ ತಂದು ಬಿಚ್ಚಿ ನೋಡಿದರೆ ಹಿಂಡಿಗೆ ಹುಳ ಬಿದ್ದಿತ್ತು.